ಶರಣಮ್ಮ ಬೂಟು ಹಾಕಿಕೊಂಡಿದ್ದು

ನಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಅಂಚಿನಲ್ಲಿ ದಿನವೂ ಬೆಳಿಗ್ಗೆ ಒಂದು ಜೊತೆ ಹವಾಯಿ ಚಪ್ಪಲಿ ಬಿಟ್ಟಿರುತ್ತಿತ್ತು. ನೀಲಿ ಪಟ್ಟಿ, ಸವೆದ ಹಿಮ್ಮಡಿ, ಎಡಗಾಲಿನದಕ್ಕೆ ಒಂದು ಪಿನ್ನು. ಬಾಲ್ಕನಿಯಲ್ಲಿ ಕಾಫಿ ಹೀರುತ್ತಾ ಕೆಳಗೆ ನೋಡಿದರೆ, ಯಾರದೋ ಮನೆಗೆ ಬಂದ ನೆಂಟರು ಹೊಸಿಲಾಚೆ ಕಳಚಿಟ್ಟು ಒಳಗೆ ಹೋದ ಹಾಗೆ, ಎರಡೂ ಒತ್ತೊತ್ತಾಗಿ ಮರ್ಯಾದೆಯಿಂದ ಕೂತಿರುತ್ತಿದ್ದವು. ಒಳಗೆ ಹೋದವಳು ಶರಣಮ್ಮ, ನಮ್ಮ ತೋಟದ ಕೆಲಸದವಳು. ಯಾದಗಿರಿ ಕಡೆಯ ಹಳ್ಳಿಯಿಂದ ಗಂಡನ ಜೊತೆ ಬಂದು, ಮೊದಲು ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು, ಸೊಂಟ ಹಿಡಿದುಕೊಂಡ ಮೇಲೆ ನಮ್ಮಲ್ಲಿ ನೀರು ಹಾಯಿಸುವ, ಕಳೆ ಕೀಳುವ ಕೆಲಸಕ್ಕೆ ಸೇರಿದವಳು. ಹೊಲಕ್ಕೆ ಇಳಿಯುವಾಗ ಕಾಲಲ್ಲಿ ಮೆಟ್ಟು ಇರಬಾರದು ಎಂಬುದು ಅವಳ ಮನೆಯವರ ರೂಢಿ. ನಮ್ಮದು ಹೊಲವಲ್ಲ ತಾಯಿ, ಕ್ಲಬ್‌ಹೌಸಿನ ಮುಂದಿನ ಹುಲ್ಲು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ, ಆಮೇಲೆ ಯಾರೀ ಮುದುಕಿ ಎನ್ನಬೇಡಿ. ಹೊಸ ತಿಪ್ಪಸಂದ್ರದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಾಲ್ಕು ಹೂಕುಂಡ ಸಾಕಿಕೊಂಡು ಸಂಸಾರ ಮುಗಿಸಿ, ನಿವೃತ್ತಿಯಾದ ಮೇಲೆ ಹೊರಮಾವಿನ ಈ ಫ್ಲ್ಯಾಟಿಗೆ ಬಂದವಳು. ಹೊರಮಾವಿನಲ್ಲಿ ಮಾವು ಈಗ ಬೋರ್ಡುಗಳ ಮೇಲೆ ಮಾತ್ರ ಬಿಡುತ್ತದೆ. ನಿವಾಸಿಗಳ ಸಂಘದ ಸಭೆಯಲ್ಲಿ ತೋಟದ ಉಸ್ತುವಾರಿ ಯಾರಿಗೆ ಎಂಬ ಪ್ರಶ್ನೆ ಬಂದಾಗ ಮಿಕ್ಕವರೆಲ್ಲ ಫೋನಿನಲ್ಲಿ ತಲೆ ಹುದುಗಿಸಿದರು, ನಾನೊಬ್ಬಳು ಮಂಗನ ಹಾಗೆ ತಲೆಯೆತ್ತಿ ಕೂತಿದ್ದೆ, ಅದು ನನ್ನ ಕೊರಳಿಗೇ ಬಿತ್ತು.

ಹಾಗಿರಲು ನಿರ್ವಹಣೆಯ ಏಜೆನ್ಸಿ ಬದಲಾಯಿತು. ಹೊಸಬರು ಬಂದವರೇ ಮಾಡಿದ ಮೊದಲ ಕೆಲಸ ನಮ್ಮ ತೋಟವನ್ನು ‘ಲ್ಯಾಂಡ್‌ಸ್ಕೇಪ್’ ಎಂದು ಕರೆದದ್ದು. ದಾಸವಾಳ ದಾಸವಾಳವಾಗಿಯೇ ಇತ್ತು, ಹುಲ್ಲಿನ ನಡುವೆ ಬೋಳಾದ ಜಾಗವೂ ಅಷ್ಟೇ ಬೋಳಾಗಿತ್ತು. ಆದರೂ ನಮ್ಮ ಕಾರ್ಯದರ್ಶಿಯವರ ಎದೆ ಒಂದು ಅಂಗುಲ ಉಬ್ಬಿತು. ಎರಡನೆಯ ಕೆಲಸ, ಕೌಶಲ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಪಡೆದವರನ್ನು ಮಾತ್ರ ಇಟ್ಟುಕೊಳ್ಳುವುದು ಎಂಬ ಆಜ್ಞೆ. ಗುಂಡಿ ತೋಡುವುದಕ್ಕೂ ಸರ್ಟಿಫಿಕೇಟೇ ಎಂದು ನಾನು ನಕ್ಕೆ. ಈ ಊರಿನ ರಸ್ತೆಗಳಲ್ಲಿ ಇಷ್ಟೊಂದು ಗುಂಡಿ ಮಾಡಿಟ್ಟ ಪುಣ್ಯಾತ್ಮರು ಯಾವ ಪರೀಕ್ಷೆ ಪಾಸಾಗಿದ್ದರೋ! ನಾನೇ ನೋಡಿ, ಅಡುಗೆ, ಬಾಣಂತನ, ಅತ್ತೆಯ ಜೊತೆ ಏಗುವ ವಿದ್ಯೆ, ಎಲ್ಲವನ್ನೂ ಪ್ರಮಾಣಪತ್ರವಿಲ್ಲದೆ ಮಾಡಿ ಮುಗಿಸಿದೆ. ಕೊಟ್ಟಿದ್ದರೆ ನೇತುಹಾಕಲು ಗೋಡೆ ಸಾಲುತ್ತಿರಲಿಲ್ಲ. ಆದರೆ ಶರಣಮ್ಮ ನಗಲಿಲ್ಲ. "ಪಾಸಾಗ್ಲಿಲ್ಲಂದ್ರ ಮತ್ತ ಬುಟ್ಟಿ ಹೊರಬೇಕಾಗ್ತದ್ರಿ ಅಕ್ಕಾರ. ಈ ಸೊಂಟದಾಗ ಇನ್ನ ಅದು ಆಗಂಗಿಲ್ರಿ" ಎಂದಳು. ನನ್ನ ನಗು ಅಲ್ಲಿಗೆ ನಿಂತಿತು.

ತರಬೇತಿ ಹಲಸೂರಿನ ಹತ್ತಿರ, ಜೋಗುಪಾಳ್ಯದ ಕಡೆಯ ಒಂದು ಕೇಂದ್ರದಲ್ಲಿ. ಕಲಿಸಿದ್ದು ಸುಳ್ಳಲ್ಲ, ಹುಲ್ಲು ಕತ್ತರಿಸುವ ಯಂತ್ರವೆಂದರೆ ಮಾರು ದೂರ ನಿಲ್ಲುತ್ತಿದ್ದವಳು ಅದನ್ನು ಮಗುವಿನ ಗಾಡಿಯ ಹಾಗೆ ತಳ್ಳತೊಡಗಿದಳು, ಔಷಧಿ ಹೊಡೆಯುವಾಗ ಮೂಗಿಗೆ ಸೆರಗು ಸಾಲದು ಎಂಬುದನ್ನು ತಿಳಿದುಕೊಂಡು ಬಂದು ನನಗೂ ತಿಳಿಸಿದಳು. ಪರೀಕ್ಷೆಯ ದಿನ ಉಸ್ತುವಾರಿಯ ಗತ್ತಿನಲ್ಲಿ ನಾನೂ ಆಟೋ ಹತ್ತಿದೆ. ಹೆಲ್ಮೆಟ್ಟು, ಕನ್ನಡಕ, ಕೈಗವಸು, ಮೊಣಕಾಲವರೆಗೆ ರಬ್ಬರ್ ಬೂಟು, ಸೀರೆಯ ಮೇಲೆ ಹಸಿರು ಕೋಟು, ಇಷ್ಟೆಲ್ಲ ತೊಡಿಸಿದಾಗ ಶರಣಮ್ಮ ಚಂದ್ರನ ಮೇಲೆ ಕಳೆ ಕೀಳಲು ಹೊರಟವಳಂತೆ ಕಂಡಳು. ಪರೀಕ್ಷಕ ಸಭ್ಯ ಹುಡುಗ. ಗುಂಡಿ ತೋಡಿ ಸಸಿ ನೆಡಿ ಎಂದ. ಇವಳು ಸಲಕರಣೆ ಹಿಡಿದು ಪಾತಿಯವರೆಗೆ ಠಾಕುಠೀಕಾಗಿ ನಡೆದಳು, ಅಂಚಿನಲ್ಲಿ ನಿಂತಳು, ಬೂಟೆರಡನ್ನೂ ಕಳಚಿ ಜೋಡಿಸಿಟ್ಟಳು, ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಒಳಗಿಳಿದಳು.

"ಅಮ್ಮಾ, ಶೂ! ಶೂ!" ಎಂದು ಹುಡುಗ ಕೂಗಿದ.

ಶರಣಮ್ಮ ಗಾಬರಿಯಾಗಿ ತಿರುಗಿ ನೋಡಿದಳು. ಬೂಟು ಪಾತಿಗೆ ತೀರಾ ಹತ್ತಿರವಾಯಿತೆಂದು ಬೈಯುತ್ತಿದ್ದಾನೆ ಎಂದುಕೊಂಡು, ನಾಲಿಗೆ ಕಚ್ಚಿ ಹೊರಬಂದು, ಅವನ್ನು ಎತ್ತಿ ಇನ್ನೂ ಮಾರು ದೂರ ಇಟ್ಟು, ಕೈಮುಗಿದು ಮತ್ತೆ ಒಳಗಿಳಿದಳು. ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಹುಡುಗ ನನ್ನ ಬಳಿ ಬಂದು, "ಕೆಲಸ ಚೆನ್ನಾಗೇ ಮಾಡಿದ್ರು ಮೇಡಂ. ಆದ್ರೆ ಸೇಫ್ಟೀಲಿ ಹೋದ್ರೆ ಎಲ್ಲಾ ಹೋದಂಗೆ, ನಾನೇನ್ ಮಾಡ್ಲಿ? ಮುಂದಿನ ಬ್ಯಾಚಲ್ಲಿ ಇನ್ನೊಂದ್ ಸಲ ಕೂರಿಸಿ" ಎಂದ. ಹೀಗೆ ಭೂಮಿಗೆ ಮರ್ಯಾದೆ ಕೊಟ್ಟ ಕಾರಣಕ್ಕೆ ನಮ್ಮ ಶರಣಮ್ಮ ನಪಾಸಾದಳು.

ವಾಪಸು ಬರುವಾಗ ಆಟೋದಲ್ಲಿ ನಾನು ಉರಿದುಬಿದ್ದೆ. ಮಣ್ಣೆಂದರೆ ತಾಯಿ, ಬರಿಗಾಲೆಂದರೆ ಸಂಸ್ಕೃತಿ, ಈ ಸರ್ಟಿಫಿಕೇಟಿನವರಿಗೆ ಅದೆಲ್ಲಿ ಅರ್ಥವಾಗಬೇಕು ಎಂದು, ಕೃಷ್ಣರಾಜಪುರದ ಕಡೆಗೆ ತೆವಳುವ ಗಾಡಿಗಳ ನಡುವೆ ಸಿಕ್ಕಿಕೊಂಡಷ್ಟು ಹೊತ್ತೂ, ಅದೇನು ಕಡಿಮೆ ಹೊತ್ತಲ್ಲ, ಭಾಷಣ ಬಿಗಿದೆ. ನನ್ನ ಕಾಲಲ್ಲಿ ಮಂಡಿನೋವಿಗೆಂದು ಮಗಳು ಕೊಡಿಸಿದ ಮೆತ್ತನೆಯ ದುಬಾರಿ ಚಪ್ಪಲಿ ಇತ್ತು ಎಂಬುದನ್ನೂ ಹೇಳಿಬಿಡಬೇಕು. ಶರಣಮ್ಮ ಎಲ್ಲ ಕೇಳಿ, "ಮಾತು ಛಂದ ಅದಾವ್ರಿ ಅಕ್ಕಾರ. ಆದ್ರ ಕೆಲಸ ಹೋಗ್ತದಲ್ರಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನನ್ನ ಭಾಷಣದ ಮೇಲೇ ಸಿಟ್ಟು ಬಂತು.

ಮಾರನೆಯ ದಿನದಿಂದ ಬೂಟಿನ ಅಭ್ಯಾಸ ಶುರುವಾಯಿತು. ಏಜೆನ್ಸಿಯವರಿಂದ ಒಂದು ಜೊತೆ ಎರವಲು ತಂದು ಅವಳಿಗೆ ತೊಡಿಸಿ, ನಾನು ಬೆಂಚಿನ ಮೇಲೆ ಕಾವಲಿಗೆ ಕೂತೆ. ಹುಲ್ಲಿನ ಅಂಚು ಬರುತ್ತಿದ್ದಂತೆ ಅವಳ ಕಾಲು ತಾನಾಗಿ ಬೂಟಿನಿಂದ ಜಾರಿ ಹೊರಬರುತ್ತಿತ್ತು, "ಶೂ!" ಎಂದು ನಾನು ಕೂಗುತ್ತಿದ್ದೆ, ಕಾಗೆಗಳು ಹಾರಿಹೋಗುತ್ತಿದ್ದವು. "ಏನ್ ಮಾಡ್ಲಿ ರೀ, ಕಾಲು ನನ್ನ ಮಾತು ಕೇಳವಲ್ದು" ಎಂದು ಅವಳು ಪೆಚ್ಚಾಗಿ ನಗುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅದು ಪಾದದಲ್ಲೇ ಇರುತ್ತದೆಂದು ಆಗ ತಿಳಿಯಿತು. ಪರೀಕ್ಷೆ ಹತ್ತಿರವಾದಂತೆ ನನಗೇ ನಿದ್ದೆ ಕೆಟ್ಟಿತು.

ಒಂದು ಬೆಳಿಗ್ಗೆ, ಅಭ್ಯಾಸಕ್ಕಿರಲಿ ಎಂದು, ಹುಲ್ಲಿನ ಆ ಬೋಳು ಜಾಗದಲ್ಲಿ ಒಂದು ಸಸಿಗೆ ಆಳವಾಗಿ ತೋಡಲು ಹೇಳಿದೆ. ಬೂಟು ಎಂದಿನಂತೆ ಅಂಚಿನಲ್ಲಿತ್ತು. ಗೇಣುದ್ದ ಕೆಂಪು ಮಣ್ಣು ಬಂತು. ಅದರ ಕೆಳಗೆ ಬಚ್ಚಲಿನ ಟೈಲ್ಸು ಚೂರು, ವೈರು, ಗಟ್ಟಿಯಾದ ಸಿಮೆಂಟು ಚೀಲ, ಒಡೆದ ಟ್ಯೂಬ್‌ಲೈಟು. ತೋಡಿದಷ್ಟೂ ಅದೇ. ಅವಳು ಹಾರೆ ಬಿಟ್ಟು, ಹಿಮ್ಮಡಿಗೆ ತಾಕಿದ ಗಾಜಿನ ಚೂರನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು.

"ಇದು ಭೂಮಿ ಅಲ್ರಿ ಅಕ್ಕಾರ. ಕಟ್ಟಿದವ್ರು ಬಿಟ್ಟು ಹೋದ ಕಸ. ಇಷ್ಟ್ ದಿನ ಇದಕ್ಕ ನಾ ಕೈ ಮುಗ್ದೀನಿ ನೋಡ್ರಿ."

ಅಷ್ಟು ಹೇಳಿ ಅಂಚಿಗೆ ನಡೆದು, ಕಾಲು ಒರೆಸಿಕೊಂಡು, ಬೂಟು ಏರಿಸಿದಳು. ಮತ್ತೆ ನಾನು ಕೂಗಬೇಕಾಗಿ ಬರಲಿಲ್ಲ. ಎರಡನೆಯ ಸಲ ಪರೀಕ್ಷಕ ಹುಡುಗ ಖುಷಿಯಿಂದ ಪಾಸು ಮಾಡಿದ; ನಾನು ಹತ್ತು ದಿನ ಕೂಗಿ ಕಲಿಸಲಾಗದ್ದನ್ನು ಒಂದು ಒಡೆದ ಟ್ಯೂಬ್‌ಲೈಟು ಕಲಿಸಿತ್ತು. ಅವಳ ಕೆಲಸ ಉಳಿಯಿತು, ನನಗೆ ನಿಜವಾಗಿ ಸಂತೋಷವಾಯಿತು. ಸಂಕಟವೂ ಆಯಿತು, ಮುಚ್ಚಿಡುವುದೇಕೆ.

ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಆಯಿತು, ಕಾರ್ಯದರ್ಶಿಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇತ್ತ ನಮ್ಮ ನಿವಾಸಿಗಳಲ್ಲಿ, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಬಿ.ಪಿ. ಇಳಿಯುತ್ತದೆ ಎಂಬ ವಿಡಿಯೋ ಹರಿದಾಡಿ, ಬೆಳಗಾದರೆ ಸಾಫ್ಟ್‌ವೇರಿನವರೂ ಅವರ ಮಾವಂದಿರೂ ಪ್ಯಾಂಟು ಮಡಚಿಕೊಂಡು ಹುಲ್ಲು ತುಳಿಯತೊಡಗಿದರು. ಬರಿಗಾಲಿನವಳು ಬೂಟು ಹಾಕಿದಳು, ಬೂಟಿನವರು ಬರಿಗಾಲಾದರು. ನಾನೂ ಒಂದು ದಿನ ಆಸೆಪಟ್ಟು ಇಳಿದರೆ ಶರಣಮ್ಮ ಕಳೆ ಕೀಳುವುದನ್ನು ಬಿಟ್ಟು ಗದರಿದಳು: "ಕಾಲಾಗ ಹಾಕ್ಕೊಳ್ರಿ ಅಕ್ಕಾರ! ಒಳಗ ಏನೇನ್ ಅದ ಅಂತ ನೀವೇ ನೋಡೀರಿ." ಸರ್ಟಿಫಿಕೇಟಿಲ್ಲದವಳು ನಾನು, ಸುಮ್ಮನೆ ಮೇಲೆ ಬಂದೆ.

ಯುಗಾದಿಗೆ ಊರಿಗೆ ಹೋದವಳು ವಾಪಸು ಬರುವಾಗ ಗಂಡನ ಹೆಗಲ ಮೇಲೆ ಒಂದು ಚೀಲ ಹೊರಿಸಿ ತಂದಳು. ಜೋಳವಿರಬೇಕೆಂದುಕೊಂಡೆ. ಮಳೆ ಬಿದ್ದ ಮೇಲೆ ಒಂದು ಸಂಜೆ ನೀರಿನ ಪಂಪಿನ ಕೋಣೆಯ ಹಿಂದೆ ಹೋದರೆ, ಗೋಡೆಯ ಬುಡದಲ್ಲಿ, ಒಂದು ಚಾಪೆಯೂ ಹಾಸಲಾಗದಷ್ಟು ಜಾಗದಲ್ಲಿ, ನಮ್ಮ ಕೆಂಪು ಮಣ್ಣಿನ ನಡುವೆ ಅವಳ ಹೊಲದ ಕಪ್ಪು ಎರೆಮಣ್ಣು, ಅದರ ತುಂಬ ಚಿಗುರಿದ ಪುಂಡಿಸೊಪ್ಪು. ಸೊಪ್ಪಿನ ನಡುವೆ ಶರಣಮ್ಮ ಬರಿಗಾಲಲ್ಲಿ ಕೂತಿದ್ದಳು. ಅಂಚಿನಲ್ಲಿ ಎರಡು ರಬ್ಬರ್ ಬೂಟು, ಒತ್ತೊತ್ತಾಗಿ, ಮರ್ಯಾದೆಯಿಂದ.

ಹತ್ತಿರ ಹೋಗಿ ಕಾಲೆತ್ತಿ ಇಡಬೇಕು, "ಚಪ್ಪಲ್ ಅಲ್ಲೇ ಬಿಡ್ರಿ ಅಕ್ಕಾರ" ಎಂದಳು.

"ಮತ್ತೆ ಸೇಫ್ಟಿ ಮಾರ್ಕ್ಸು?"

ಅವಳು ತಲೆಯೆತ್ತದೆ ಒಂದು ಕುಡಿ ಚಿವುಟಿ ಮಡಿಲಿಗೆ ಹಾಕಿಕೊಂಡಳು. "ಇದು ಸಿಲಬಸ್‌ನಾಗ ಇಲ್ರಿ."

ನಾನು ನನ್ನ ಮೆತ್ತನೆಯ ಚಪ್ಪಲಿಯನ್ನು ಬೂಟಿನ ಪಕ್ಕ ಬಿಟ್ಟೆ.