ಟ್ರಕ್ಕಿನ ಹಿಂದೆ ಕಟ್ಟಿದ ಮರ

1959ರ ಫೆಬ್ರವರಿಯ ಒಂದು ಮಧ್ಯಾಹ್ನ, ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟದಿಂದ ಇಳಿಯುವಾಗ ನನ್ನ ಅಣ್ಣನ ಟ್ರಕ್ಕಿನ ಬ್ರೇಕು ಪೂರ್ತಿ ಹೋಯಿತು. ಗಾಡಿಯಲ್ಲಿ ನಾಲ್ಕು ಜನ ಇದ್ದೆವು. ಸ್ಟಿಯರಿಂಗ್ ಹಿಡಿದಿದ್ದವನು ಅಣ್ಣ. ಅವನ ಪಕ್ಕದಲ್ಲಿ ದೊಡ್ಡಪ್ಪ. ಹಿಂದೆ ನೀರಿನ ಕ್ಯಾನುಗಳ ನಡುವೆ ನಾನು, ಮತ್ತು ಸಿರಾದಿಂದ ಬಂದಿದ್ದ, ಗಾಡಿಗಳಿಗೆ ಕಮಾನು, ಅಂದರೆ ಸ್ಪ್ರಿಂಗು ಪಟ್ಟಿ, ಕಟ್ಟುವ ಸಾಹೇಬರು.

ಆ ದಿನ ಗಾಡಿ ಬೆಟ್ಟದ ಕೋಟೆಯ ಮೊದಲ ಬಾಗಿಲು ಮುಟ್ಟಿ, ಇಳಿದು, ಮಧುಗಿರಿಗೆ ವಾಪಸು ಬಂದರೆ ಅಣ್ಣನ ಬಳಿಯೇ ಉಳಿಯುತ್ತಿತ್ತು. ಬಾರದಿದ್ದರೆ ಅದರ ಎಂಜಿನ್ನು ಬಿಚ್ಚಿ ನಮ್ಮ ಹೊಲದ ಬಾವಿಯ ಮೇಲೆ ಕೂರಿಸಬೇಕೆಂದು ತೀರ್ಮಾನವಾಗಿತ್ತು. ಮನೆಗೆ ಹಿರಿಯರಾದ ದೊಡ್ಡಪ್ಪ ಮಾಡಿದ ತೀರ್ಮಾನ ಅದು. ಅದನ್ನು ಕಣ್ಣಾರೆ ನೋಡಿ ಇತ್ಯರ್ಥ ಮಾಡಲೆಂದೇ ಅವರು ಗಾಡಿ ಹತ್ತಿದ್ದರು.

ಅಣ್ಣ ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಟ್ರಕ್ಕೂ ಅದೇ ಯುದ್ಧದಿಂದ ಉಳಿದದ್ದು. ಬೆಂಗಳೂರಿನಲ್ಲಿ ಹಳೆಯ ಮಿಲಿಟರಿ ಗಾಡಿಗಳನ್ನು ಹರಾಜು ಹಾಕಿದಾಗ ಕೊಂಡು ತಂದಿದ್ದ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತವಿತ್ತು. ವಾರವೆಲ್ಲ ಕಡಲೆಕಾಯಿ ಮೂಟೆ, ಕಲ್ಲು ಹೇರಿ ಬಾಡಿಗೆಗೆ ಓಡಿಸುತ್ತಿದ್ದ. ಬಿಡುವು ಸಿಕ್ಕಾಗ ರಸ್ತೆ ಬಿಟ್ಟು ಗುಡ್ಡ, ಹಳ್ಳ, ಹಾಳು ಕೋಟೆಗಳ ಕಡೆ ತಿರುಗಿಸುತ್ತಿದ್ದ. ನಾನು ಆಗ ಮಧುಗಿರಿಯಿಂದ ಒಂದು ಪತ್ರಿಕೆಗೆ ಕೋರ್ಟಿನ ಸುದ್ದಿ ಕಳಿಸುತ್ತಿದ್ದೆ. ಕೋರ್ಟು ರಜೆಯಿದ್ದ ದಿನ ನನಗೂ ಬಿಡುವು. ಅವನ ಜೊತೆ ಹೋಗುತ್ತಿದ್ದೆ.

ದೊಡ್ಡಪ್ಪನಿಗೆ ಇದು ಅರ್ಥವಾಗುತ್ತಿರಲಿಲ್ಲ.

"ದಾರಿ ಇಲ್ದೆ ಇರೋ ಕಡೆ ಏನೈತೆ ಅಂತ ಹೋಗ್ತೀಯ್ಲಾ?"

"ಏನೈತೆ ಅಂತ ನೋಡಕ್ಕೇ."

"ನೋಡಿ?"

"ವಾಪಸ್ ಬರೋದು."

"ಅದುನ್ನ ನಮ್ಮ ಎಮ್ಮೆನೂ ಮಾಡ್ತೈತೆ. ಪೆಟ್ರೋಲ್ ಕೇಳಲ್ಲ."

ಬಾವಿಗೆ ಎಂಜಿನ್ನು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಯುದ್ಧದ ಗಾಡಿ ಕೊಂಡವರಲ್ಲಿ ಕೆಲವರು ಮೈಯನ್ನು ಗುಜರಿಗೆ ಹಾಕಿ, ಎಂಜಿನ್ನನ್ನು ಸೀಮೆಎಣ್ಣೆಗೆ ಹೊಂದಿಸಿ ನೀರೆತ್ತಲು ಇಟ್ಟುಕೊಂಡಿದ್ದರು. ನಮ್ಮ ಬಾವಿಯಲ್ಲಿ ಇನ್ನೂ ಎತ್ತು ಕಟ್ಟಿ ಕಪಿಲೆಯಿಂದಲೇ ನೀರೆತ್ತುತ್ತಿದ್ದೆವು. ಎತ್ತುಗಳಿಗೆ ವಯಸ್ಸಾಗಿತ್ತು. ದೊಡ್ಡಪ್ಪನ ವಾದದಲ್ಲಿ ತಪ್ಪಿರಲಿಲ್ಲ.

ಟ್ರಕ್ಕಿನ ರಿಪೇರಿ ಶುರುವಾದದ್ದು ಕೊರಟಗೆರೆಯಿಂದ. ಹಿಂದಿನ ವರ್ಷದ ಬೇಸಿಗೆಯಲ್ಲಿ ಅಲ್ಲಿನ ಗುಡ್ಡದ ಬುಡದ ಬಂಡಿ ಜಾಡಿನಲ್ಲಿ ಹೋಗುವಾಗ ಗಾಡಿಯ ಹೊಟ್ಟೆ ಒಂದು ಕಲ್ಲಿಗೆ ಕೂತುಬಿಟ್ಟಿತು. ನಾಲ್ಕು ಚಕ್ರವೂ ತಿರುಗುತ್ತಿದ್ದವು, ಗಾಡಿ ಮಾತ್ರ ಅಲ್ಲಾಡಲಿಲ್ಲ. ಊರಿನವರು ಎತ್ತು ತಂದು ಎಳೆದರು. ಸುದ್ದಿ ನಮಗಿಂತ ಮುಂಚೆ ಮಧುಗಿರಿ ತಲುಪಿತ್ತು. ಗಾಡಿಯನ್ನು ಎತ್ತರ ಮಾಡಿಸದೆ ಇನ್ನು ರಸ್ತೆ ಬಿಡುವುದಿಲ್ಲ ಎಂದು ಅಣ್ಣ ಹೇಳಿದ.

ದೊಡ್ಡ ಖರ್ಚಿಗೆ ಅವನ ಕೈ ಹೋಗುತ್ತಿರಲಿಲ್ಲ. ಹಳೆಯ ಟ್ರೈಲರಿನ ಅಗಲ ಟಯರುಗಳನ್ನು ಹುಡುಕಿ ಹಾಕಿದ. ಹಿಂದೆ ಮುಂದೆ ಎಳೆಯಲು ದಪ್ಪ ಕಬ್ಬಿಣದ ಕೊಂಡಿ ಬೆಸೆಸಿದ. ಹಳ್ಳದ ನೀರು ಒಳಗೆ ಹೋಗದಂತೆ ಹೊಗೆ ಕೊಳವೆಯನ್ನು ಮೇಲಕ್ಕೆ ತಿರುಗಿಸಿದ. ಕಮಾನು ಎತ್ತರಿಸುವುದಕ್ಕೆ ಸಿರಾಕ್ಕೆ ಹೋದ.

ಸಿರಾದ ಆ ಸಾಹೇಬರ ಮನೆತನದವರು ತಲೆಮಾರುಗಳಿಂದ ಜಟಕಾ ಗಾಡಿಗಳಿಗೆ ಕಮಾನು ಮಾಡುವವರು. ಕುದುರೆ ಗಾಡಿ ಕಡಿಮೆಯಾಗಿ ಬಸ್ಸು ಹೆಚ್ಚಾದ ಮೇಲೆ ಲಾರಿ ಕೆಲಸಕ್ಕೂ ಕೈ ಹಾಕಿದ್ದರು. ಅವರು ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, ಹಿಂಬದಿಯ ಕಮಾನಿನ ಪಟ್ಟಿಗಳನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು.

"ಎಷ್ಟು ಎತ್ತಬೇಕು ಭಾಯಿ?"

"ನಾಲ್ಕು ಬೆರಳು."

"ಯಾರ ಬೆರಳು? ನಿಮ್ದಾ, ನಂದಾ?" ಎಂದು ಅವರು ತಮ್ಮ ದಪ್ಪ ಬೆರಳುಗಳನ್ನು ತೋರಿಸಿ ನಕ್ಕರು. "ಫಿಕರ್ ಮಾಡ್ಬ್ಯಾಡಿ. ಜಟಕಾ ಆದ್ರೇನು, ಲಾರಿ ಆದ್ರೇನು, ಕಮಾನು ಕಮಾನೇ."

ಪಟ್ಟಿಗಳನ್ನು ಕೆಂಡದಲ್ಲಿ ಕಾಯಿಸಿ, ಬಾಗು ಹೆಚ್ಚಿಸಿ, ಒಂದೊಂದು ಪಟ್ಟಿ ಹೊಸದಾಗಿ ಸೇರಿಸಿ ಕಟ್ಟಿದರು. ಕೆಲಸ ಗಟ್ಟಿಯಾಗಿತ್ತು. ಟ್ರಕ್ಕು ಎದೆ ಸೆಟೆದು ನಿಂತಂತೆ ಕಂಡಿತು. ಜಟಕಾದಲ್ಲಿ ಮೇಲಿನ ಪೆಟ್ಟಿಗೆಗೂ ಕೆಳಗಿನ ಅಚ್ಚಿಗೂ ನಡುವೆ ಕಮಾನು ಬಿಟ್ಟರೆ ಬೇರೇನೂ ಇರುವುದಿಲ್ಲ. ಟ್ರಕ್ಕಿನಲ್ಲಿ ಒಂದು ರಬ್ಬರ್ ಪೈಪು ಇತ್ತು. ಬ್ರೇಕಿನ ಎಣ್ಣೆ ಮೇಲಿನ ಚೌಕಟ್ಟಿನಿಂದ ಹಿಂದಿನ ಅಚ್ಚಿಗೆ ಇಳಿಯುತ್ತಿದ್ದದ್ದು ಅದರಲ್ಲಿ. ಚೌಕಟ್ಟು ನಾಲ್ಕು ಬೆರಳು ಮೇಲೆ ಹೋದಾಗ ಪೈಪು ಹಗ್ಗದಂತೆ ಬಿಗಿಯಾಯಿತು. ಸಾಹೇಬರು ಅದನ್ನು ನೋಡಲಿಲ್ಲ. ಅಣ್ಣನೂ ನೋಡಲಿಲ್ಲ. ಸೈನ್ಯದಲ್ಲಿ ಅವನು ಓಡಿಸಿದವನು. ಗಾಡಿಯ ಅಡಿಗೆ ಮಲಗಿ ಕೆಲಸ ಮಾಡುತ್ತಿದ್ದವರು ಬೇರೆಯವರು.

ನಿಡುಗಲ್ ಹತ್ತಿಸುವ ಮಾತು ಎದ್ದದ್ದು ಮನೆಯ ಜಗುಲಿಯ ಮೇಲೆ. "ಅಷ್ಟು ಎತ್ತರ ಮಾಡ್ಸಿದ್ದೀಯಲ್ಲ, ನಿಡುಗಲ್ ಹತ್ತುಸ್ತೀಯಾ?" ಎಂದು ದೊಡ್ಡಪ್ಪ ಕೇಳಿದರು. ಹತ್ತಿಸುತ್ತೇನೆ ಎಂದ ಅಣ್ಣ. "ಅಂಗಾದ್ರೆ ನಾನೂ ಬತ್ತೀನಿ. ಹೋಗುವಾಗ್ಲೂ ಕೂತಿರ್ತೀನಿ, ಬರುವಾಗ್ಲೂ ಕೂತಿರ್ತೀನಿ. ನಡುವೆ ನನ್ನನ್ನ ಇಳಿಸಿ ನಡೆಸಿದ್ಯೋ, ಎಂಜಿನ್ ಬಾವಿಗೆ." ಸುದ್ದಿ ಕೇಳಿದ ಸಾಹೇಬರು ತಮ್ಮ ಕಮಾನು ಹೇಗೆ ಭಾರ ಹೊರುತ್ತದೆ ನೋಡಬೇಕೆಂದು ಮುನ್ನಾ ದಿನವೇ ಬಂದು ಮಧುಗಿರಿಯಲ್ಲಿ ಉಳಿದರು.

ಬೆಳಿಗ್ಗೆ ಹೊರಟು ಮಿಡಿಗೇಶಿ ದಾಟಿದೆವು. ರಸ್ತೆ ಬಿಟ್ಟು ಹಳ್ಳದ ಮರಳಿಗೆ ಇಳಿಯುವ ಮುಂಚೆ ಅಣ್ಣ ಟಯರುಗಳ ಗಾಳಿ ಸ್ವಲ್ಪ ಬಿಟ್ಟ. "ಹೊರಡೋಕ್ ಮುಂಚೆ ತುಂಬ್ಸಿ, ಇಲ್ ಬಂದು ಬುಡ್ತೀಯಾ? ಭಲೇ ವ್ಯಾಪಾರ," ಎಂದರು ದೊಡ್ಡಪ್ಪ. ಗಾಳಿ ಇಳಿದು ಅಗಲವಾದ ಟಯರು ಹೂಳದೆ ಮರಳು ದಾಟಿತು.

ಬೆಟ್ಟದ ಬುಡದಲ್ಲಿ ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು ಅಡ್ಡ ಬಂದು ನಿಂತಳು. ಆ ಕಡೆಯ ಮಾತಿನಲ್ಲಿ ತೆಲುಗೇ ಹೆಚ್ಚು.

"ಪೈಕಾ ಸಾಮಿ? ಎತ್ತಿನ ಬಂಡಿ ಹೋಗ್ತೈತೆ. ಇದಿ ಪೋದು." ಮೇಲಕ್ಕಾ ಎಂದು ಕೇಳಿ, ಇದು ಹೋಗದು ಎಂದಳು.

"ಹೋಗುತ್ತೆ ಕಣಮ್ಮ," ಎಂದ ಅಣ್ಣ.

"ಪೋತೇ ಮಳ್ಳೀ ರಾದು," ಎಂದು ಅವಳು ಮೇಕೆಗಳನ್ನು ಬದಿಗೆ ಹೊಡೆದುಕೊಂಡಳು. ಹೋದರೆ ಮತ್ತೆ ಬರುವುದಿಲ್ಲ ಎಂದರ್ಥ. ದೊಡ್ಡಪ್ಪನಿಗೆ ತೆಲುಗು ಬರುತ್ತಿತ್ತು. ಅವರು ಅಣ್ಣನ ಮುಖ ನೋಡಿದರು.

ಗಾಡಿ ಹತ್ತಿತು. ಮೊದಲನೇ ಗೇರಿನಲ್ಲಿ, ಆಳು ನಡೆಯುವಷ್ಟು ನಿಧಾನವಾಗಿ, ಬಂಡೆಯಿಂದ ಬಂಡೆಗೆ ಕಾಲಿಟ್ಟಂತೆ ಹತ್ತಿತು. ಒಮ್ಮೆಯೂ ಹೊಟ್ಟೆ ತಾಗಲಿಲ್ಲ. ಪ್ರತಿ ಬಂಡೆ ದಾಟಿದಾಗಲೂ ಸಾಹೇಬರು ಹಿಂದಕ್ಕೆ ಬಗ್ಗಿ ಕಮಾನು ನೋಡಿ "ಶಾಭಾಷ್" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಹೊತ್ತು ನೆತ್ತಿಗೆ ಬರುವಾಗ ಕೋಟೆಯ ಮೊದಲ ಬಾಗಿಲಿನ ಮುಂದೆ ನಿಂತೆವು. ಎರಡು ಕಲ್ಲುಕಂಬ, ಬಿದ್ದ ತೊಲೆ, ಕಳ್ಳಿ.

ದೊಡ್ಡಪ್ಪ ಸೀಟಿನಲ್ಲೇ ಕೂತು ರೊಟ್ಟಿ ತಿಂದರು.

"ಏನೈತೆ ಇಲ್ಲಿ?"

"ಏನೂ ಇಲ್ಲ."

"ಇದಕ್ಕಾ ಬಂದಿದ್ದು?"

"ಊಂ."

ಅವರು ಕೆಳಗಿನ ಬಯಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ಒರೆಸಿಕೊಂಡು, "ನಡಿ, ಇನ್ನರ್ಧ ಐತೆ," ಎಂದರು.

ಇಳಿಯುವಾಗ ಎರಡನೇ ತಿರುವಿನಲ್ಲಿ ಹಿಂದಿನ ಎಡ ಚಕ್ರ ಬಂಡೆಯಿಂದ ಜಾರಿ ಒಂದು ಗುಳಿಯ ಮೇಲೆ ತೂಗಿತು. ಅಚ್ಚು ಕೆಳಗೆ ಜಗ್ಗಿತು. ಬಾರುಗೋಲು ಬೀಸಿದಂಥ ಸದ್ದೊಂದು ಕೇಳಿಸಿತು. ಗಾಡಿ ಮುಂದಕ್ಕೆ ಹೋದ ಮೇಲೆ ಬಂಡೆಯ ಮೇಲೆ ಒದ್ದೆ ಗೆರೆ ಕಂಡಿತು. ಸಾಹೇಬರು ನನ್ನ ತೋಳು ಹಿಡಿದರು. ಅಷ್ಟರಲ್ಲಿ ಅಣ್ಣನ ಕಾಲು ಬ್ರೇಕನ್ನು ಮತ್ತೆ ಮತ್ತೆ ಒತ್ತುವುದು ಕಾಣಿಸಿತು. ಪ್ರತಿ ಸಲವೂ ಅದು ತಳಕ್ಕೆ ಹೋಗುತ್ತಿತ್ತು.

ಆ ಗಾಡಿಗೆ ಒಂದು ರೋಗವಿತ್ತು. ಇಳಿಜಾರಿನಲ್ಲಿ ಭಾರ ತಳ್ಳಿದರೆ ಮೊದಲನೇ ಗೇರು ತಾನಾಗಿ ಜಾರಿ ಹೊರಬರುತ್ತಿತ್ತು. ಕೈಬ್ರೇಕು ಹೆಸರಿಗೆ ಇತ್ತು. ಅಣ್ಣ ಸ್ಟಿಯರಿಂಗನ್ನು ಬೆಟ್ಟದ ಕಡೆಗೆ ಎಳೆದು ಗಾಡಿಯ ಮೂತಿಯನ್ನು ಮಣ್ಣಿನ ದಿಬ್ಬಕ್ಕೂ ಪೊದೆಗೂ ಕೊಟ್ಟ. ಎಂಜಿನ್ನು ನಿಂತಿತು, ಗಾಡಿಯೂ ನಿಂತಿತು. ನಾನು ಹಾರಿ ಚಕ್ರಗಳಿಗೆ ಕಲ್ಲು ಕೊಟ್ಟೆ. ಸಾಹೇಬರು ಅಡಿಗೆ ನುಗ್ಗಿ ನೋಡಿ ಹೊರಗೆ ಬಂದರು. ಅವರ ಕೈಯಲ್ಲಿ ಹರಿದ ರಬ್ಬರಿನ ತುಂಡಿತ್ತು.

"ಇದು ಜಟಕಾದಾಗೆ ಇರಲ್ಲ ಭಾಯಿ," ಎಂದಷ್ಟೇ ಹೇಳಿದರು.

ಮುಂದಿನ ಇಳಿಜಾರೇ ಎಲ್ಲಕ್ಕಿಂತ ಕಡಿದು. ಅದರ ಕೊನೆಯಲ್ಲಿ ದಾರಿ ಬಲಕ್ಕೆ ತಿರುಗುತ್ತಿತ್ತು. ತಿರುವಿನ ಎಡಕ್ಕೆ ಕಲ್ಲಿನ ಹಳೆಯ ಕೊಳ, ನೀರಿಲ್ಲದ್ದು, ಆಳ. ಅಣ್ಣ ನಡೆದುಹೋಗಿ ಅದನ್ನು ನೋಡಿ ಬಂದ.

"ದೊಡ್ಡಪ್ಪ, ಬ್ರೇಕ್ ಹೋಯ್ತು. ನೀವು ಇಳಿದು ನಡೀರಿ. ಗಾಡಿ ನಾನು ಒಬ್ನೇ ಇಳಿಸ್ತೀನಿ."

"ನಾನು ಇಳುದ್ರೆ ಮಾತು ಮುಗೀತಲ್ಲ. ಎಂಜಿನ್ ಬಾವಿಗೆ. ಒಪ್ತೀಯಾ?"

ಅಣ್ಣ ಮತ್ತೊಮ್ಮೆ ಕೊಳದ ಕಡೆ ನೋಡಿದ. ಹೂಂ ಎಂದರೆ ಟ್ರಕ್ಕು ಹೋಯಿತು. ಉಹೂಂ ಎಂದರೆ ದೊಡ್ಡಪ್ಪನನ್ನು ಕೂರಿಸಿಕೊಂಡು ಇಳಿಯಬೇಕು.

ಕೊನೆಗೆ ಅವನು, "ನೀವು ಇಳೀರಿ. ಎಂಜಿನ್ ತಗೊಳ್ಳಿ," ಎಂದ.

ದೊಡ್ಡಪ್ಪ ಇಳಿಯಲಿಲ್ಲ. ಕತ್ತು ಹೊರಗೆ ಹಾಕಿ ಮೇಲಿನ ಗುಡ್ಡದ ಕಡೆ ನೋಡುತ್ತಿದ್ದರು.

"ಮರ ಕಟ್ಟು," ಎಂದರು.

"ಏನು?"

"ಸೌದೆ ಬಂಡಿ ಬೆಟ್ಟದಿಂದ ಹೆಂಗೆ ಇಳೀತೈತೆ? ಎತ್ತಿಗೆ ಬ್ರೇಕ್ ಐತೇನ್ಲಾ? ಹಿಂದೆ ಮರ ಕಟ್ಟಿ ಎಳುಸ್ಕೊಂಡು ಇಳೀತೈತೆ. ಅಗೋ, ಕಮರದ ಬೊಡ್ಡೆ ಬಿದ್ದೈತೆ."

ದಾರಿಯ ಮೇಲ್ಗಡೆ ಒಣಗಿ ಬಿದ್ದ ಕಮರದ ಮರ ಇತ್ತು. ಕಲ್ಲಿನಷ್ಟು ಭಾರದ ಜಾತಿ ಅದು. ಕೊಂಬೆಗಳ ಮೋಟು ಹಾಗೇ ಇದ್ದವು. ದೊಡ್ಡಪ್ಪ ಅವನ್ನು ಕಡಿಯಬೇಡಿ, ಅವೇ ನೆಲ ಕಚ್ಚುವುದು ಎಂದು ಸೀಟಿನಿಂದಲೇ ಕೂಗಿ ಹೇಳಿದರು. ಮೂವರೂ ಸೇರಿ ಅದನ್ನು ಸನ್ನೆಗೋಲಿನಿಂದ ಉರುಳಿಸಿ ಗಾಡಿಯ ಹಿಂದಕ್ಕೆ ತಂದೆವು. ಸರಪಳಿಯನ್ನು ಹೊಸದಾಗಿ ಬೆಸೆಸಿದ್ದ ಕೊಂಡಿಗೆ ಹಾಕಿ ಬಿಗಿದೆವು.

ಅಣ್ಣ ಸೀಟಿಗೆ ಹತ್ತಿ ಗೇರಿನ ಕೋಲನ್ನು ತೋರಿಸಿದ.

"ಇದು ಜಾರ್ತೈತೆ. ನನ್ನ ಎರಡು ಕೈಯೂ ಸ್ಟಿಯರಿಂಗ್ ಮೇಲೆ ಬೇಕು. ನೀವು ಇದುನ್ನ ಒತ್ತಿ ಹಿಡ್ಕಳಿ. ಏನಾದ್ರೂ ಬುಡಬ್ಯಾಡಿ."

"ನೀನು ಕೊಳಕ್ಕೆ ಹಾಕಬ್ಯಾಡ. ಎಂಜಿನ್ ನಂದು, ಇನ್ನೂ ನಂದೇ ಕಣ್ಲಾ."

ನಾನೂ ಸಾಹೇಬರೂ ಮರದ ಎರಡು ಬದಿಯಲ್ಲಿ ಕೆಳಗೆ ನಡೆಯುತ್ತಿದ್ದೆವು, ಕೈಯಲ್ಲಿ ಕಲ್ಲು ಹಿಡಿದು. ಎಂಜಿನ್ನು ಮತ್ತೆ ಶುರುವಾಗಿ ಗಾಡಿ ಹಿಂದಕ್ಕೆ ಸರಿದು ದಾರಿಗೆ ಬಂತು. ಮರ ಅಡ್ಡ ತಿರುಗಿ, ಮತ್ತೆ ನೆಟ್ಟಗಾಗಿ, ನೆಲವನ್ನು ಉಳುತ್ತ ಹಿಂದೆ ಬರತೊಡಗಿತು. ಧೂಳಿನಲ್ಲಿ ಮುಂದಿನ ಚಕ್ರ ಕಾಣುತ್ತಿರಲಿಲ್ಲ. ದೊಡ್ಡಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಅವರು ಎರಡೂ ಕೈಯಿಂದ ಕೋಲಿನ ಮೇಲೆ ಬಾಗಿದ್ದರು.

ಕೊಳದ ಹತ್ತಿರ ದಾರಿ ಬರಿಯ ಬಂಡೆಯಾಯಿತು. ಮರಕ್ಕೆ ಕಚ್ಚಲು ಮಣ್ಣು ಸಿಗಲಿಲ್ಲ. ಅದು ಬಂಡೆಯ ಮೇಲೆ ಜಾರಿ ಗಾಡಿಯ ಹಿಂಭಾಗಕ್ಕೆ ಬಡಿಯಿತು. ಗಾಡಿ ಮುಂದಕ್ಕೆ ನುಗ್ಗಿತು. ಸಾಹೇಬರು ಕಲ್ಲು ಎಸೆದರು, ಚಕ್ರ ಅದನ್ನು ಹತ್ತಿ ದಾಟಿತು. ಅಣ್ಣ ಬಲಕ್ಕೆ ತಿರುಗಿಸಿದ. ಎಂಜಿನ್ನಿನ ಕೂಗು ಏರಿತು. ಗೇರು ಜಾರಿದ್ದರೆ ಆ ಕೂಗು ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಗಾಡಿ ತಿರುಗಿದಾಗ ಮರ ಹೊರಗೆ ಬೀಸಿ, ಅದರ ಮೋಟು ಕೊಂಬೆ ಕೊಳದ ಅಂಚಿನ ಕಲ್ಲಿನ ಸಂದಿಗೆ ಸಿಕ್ಕಿತು. ಸರಪಳಿ ಬಿಗಿಯಾಯಿತು. ಟ್ರಕ್ಕು ಜಗ್ಗಿ ನಿಂತಿತು. ಎಡಗಡೆಯ ಹಿಂಚಕ್ರಕ್ಕೂ ಕೊಳದ ಅಂಚಿಗೂ ನಡುವೆ ನನ್ನ ಚಪ್ಪಲಿ ಇಡುವಷ್ಟು ಜಾಗವಿತ್ತು.

ಮರವನ್ನು ಸನ್ನೆಯಿಂದ ಬಿಡಿಸಿದೆವು. ಅಲ್ಲಿಂದ ಮುಂದೆ ಮಣ್ಣು. ಬುಡ ತಲುಪಿದಾಗ ಮೇಕೆಯ ಹೆಂಗಸು ಅಲ್ಲೇ ಇದ್ದಳು. ಟ್ರಕ್ಕನ್ನೂ ಮರವನ್ನೂ ನೋಡಿ, "ಕಟ್ಟೆ ಕೂಡಾ ತೆಚ್ಚಿನಾರಾ?" ಎಂದಳು, ಸೌದೆಯನ್ನೂ ತಂದಿರಾ ಎಂದು. ದೊಡ್ಡಪ್ಪ ಆ ದಿನ ಮೊದಲ ಸಲ ನಕ್ಕರು. ಗೇರಿನ ಕೋಲಿನಿಂದ ಅವರ ಬೆರಳುಗಳನ್ನು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಎಣ್ಣೆ ಸೋರದಂತೆ ಸಾಹೇಬರು ಹಿಂದಿನ ಬ್ರೇಕಿಗೆ ಹೋಗುವ ತಾಮ್ರದ ಕೊಳವೆಯನ್ನು ಮಡಚಿ ಬಡಿದು ಮುಚ್ಚಿದರು. ಆ ಹೆಂಗಸಿನ ಮನೆಯಿಂದ ಹರಳೆಣ್ಣೆ ತಂದು ಅಣ್ಣ ಬ್ರೇಕಿನ ಡಬ್ಬಿಗೆ ಸುರಿದ. ಯುದ್ಧದಲ್ಲಿ ಹಾಗೆ ಮಾಡುವುದನ್ನು ನೋಡಿದ್ದನಂತೆ. ಮುಂದಿನ ಎರಡು ಚಕ್ರಕ್ಕೆ ಅರೆಬರೆ ಬ್ರೇಕು ಬಂತು. ದೀಪ ಹಚ್ಚುವ ಹೊತ್ತಿಗೆ ಮಧುಗಿರಿ ಸೇರಿದೆವು.

ದೊಡ್ಡಪ್ಪ ಮನೆಯ ಮುಂದೆ ಇಳಿದರು. ಅಣ್ಣ ಅವರ ಎದುರು ನಿಂತು, "ನಾಳೆ ಎಂಜಿನ್ ಬಿಚ್ಚುಸ್ತೀನಿ. ನಾನು ಆಗ್ಲೇ ಕೊಟ್ಟಾಯ್ತು," ಎಂದ.

"ನಾನು ತಗೊಂಡ್ನೇನ್ಲಾ? ನಾನು ಇಳೀಲಿಲ್ಲ. ಕೂತು ಹೋದೆ, ಕೂತು ಬಂದೆ," ಎಂದು ಅವರು ಕಾಲು ತೊಳೆಯಲು ಹೋದರು.

ಬೆಂಗಳೂರಿನಿಂದ ಉದ್ದದ ರಬ್ಬರ್ ಪೈಪು ತರಿಸಿ ಹಾಕಲಾಯಿತು. ಸಿರಾದ ಸಾಹೇಬರು ಅದಾದ ಮೇಲೆ ಯಾವ ಗಾಡಿ ಬಂದರೂ ಮೊದಲು ಅಡಿಗೆ ಮಲಗಿ ನೋಡುತ್ತಿದ್ದರು. ನಮ್ಮ ಹೊಲದಲ್ಲಿ ಕಪಿಲೆಯೇ ಮುಂದುವರಿಯಿತು. 1964ರಲ್ಲಿ ಕರೆಂಟು ಬಂದು ಪಂಪು ಕೂರಿಸಿದೆವು. 1967ರಲ್ಲಿ ದೊಡ್ಡಪ್ಪ ತೀರಿಕೊಂಡರು. 1969ರಲ್ಲಿ ಅಣ್ಣ ಟ್ರಕ್ಕನ್ನು ಪಾವಗಡದಾಚೆ ವಳ್ಳೂರಿನ ರೈತರೊಬ್ಬರಿಗೆ ಮಾರಿದ. ಅವರು ಎಂಜಿನ್ನನ್ನು ಬಿಚ್ಚಿ ತಮ್ಮ ಬಾವಿಯ ಮೇಲೆ ಕೂರಿಸಿದ್ದಾರೆಂದು ಅದೇ ವರ್ಷ ತಿಳಿದುಬಂತು.