ಅಪ್ಪನ ವ್ಯಾನು, ಕಾಕಾನ ಕೈ

ಮೊನ್ನೆ ಮಸ್ಕಿ ಬಸ್ ಸ್ಟ್ಯಾಂಡಿನ ಮುಂದ ಲಿಂಗಸುಗೂರು ಬಸ್ಸಿಗೆ ಕಾಯಾಕತ್ತಿದ್ದೆ. ಬಾಜೂಕ ಒಂದು ಹಳೇ ವ್ಯಾನು ಬಂದು ನಿಂತ್ತು. ಡ್ರೈವರ್ ಇಂಜಿನ್ ಬಂದ್ ಮಾಡಲಿಲ್ಲ. ಅದು ನಿಂತಲ್ಲೇ ಗುರುಗುಡತಾ ಬಿಡೋ ಹೊಗಿಯೊಳಗ ಸರಿಯಾಗಿ ಸುಡದ ಹಸೀ ಪೆಟ್ರೋಲಿನ ವಾಸನಿ. ಕಣ್ಣು ಉರದ್ವು, ಗಂಟಲು ಹಿಡೀತು. ಪಕ್ಕದ ಹೆಣ್ಮಗಳು ಮೂಗಿಗೆ ಸೆರಗು ಹಿಡಕೊಂಡು ದೂರ ಸರದ್ಲು. ನಾ ಮಾತ್ರ ಹುಚ್ಚಿಯಂಗ ಅಲ್ಲೇ ನಿಂತು ಉಸಿರು ಎಳಕೊಂಡೆ. ನಮ್ಮ ಮನಿ ವಾಸನಿ ರೀ ಅದು. ಮಂದಿಗೆ ಹುಟ್ಟಿದ ಮನಿ ಅಂದ್ರ ಕಾಸಿದ ತುಪ್ಪ ನೆನಪಾಗತದ, ಮಲ್ಲಿಗಿ ನೆನಪಾಗತದ. ನನಗ ನೆನಪಾಗೋದು ಪೆಟ್ರೋಲು, ಮತ್ತ ಅವ್ವನ ಒಡದ ತುಟಿಗೆ ಹಚ್ಚಿದ ಅರಿಷಿಣ.

ಮಸ್ಕಿಯೊಳಗಿನ ಆ ಮನಿ ಈಗಿಲ್ಲ. ಕೆಡವಿ ಯಾರೋ ಮೊಬೈಲ್ ಅಂಗಡಿ ಕಟ್ಯಾರ. ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಕಾಕಾ, ಅವನ ಹೆಂಡ್ತಿ ಚಿಗವ್ವ, ಎಲ್ಲಾರಿಗೂ ಒಂದ ಒಲಿ. ಅಂಗಳದಾಗ ವ್ಯಾನು. ಅಪ್ಪ ಒಂದಿನ, ಕಾಕಾ ಒಂದಿನ ಅದರಾಗ ಮಂದೀನ ತುಂಬಿಕೊಂಡು ಸಿಂಧನೂರಿಗೆ, ಸುಗ್ಗಿಯೊಳಗ ಮುಕ್ಕುಂದದ ತನಕ ಹೊಡೀತಿದ್ರು. ಬಾಳ ಸುಖದ ಮನಿ ಅಂತ ಹೇಳಿದ್ರ ನನ್ನ ನಾಲಿಗಿ ಬಿದ್ದೋದೀತು. ಅಪ್ಪನ ಮಾತು ಕೈಯಿಂದನ ಶುರು ಆಗತಿತ್ತು. ಸಾರಿಗೆ ಉಪ್ಪು ಕಡಿಮಿ ಆದ್ರ ಗಂಗಾಳ ಗ್ವಾಡಿಗೆ ಬಡೀತಿತ್ತು. ಅವ್ವ ತಿರುಗಿ ಮಾತಾಡಿದ್ರ ಆಕಿ ತುರುಬು ಅಪ್ಪನ ಮುಷ್ಟಿಯೊಳಗ. ಆಗ ಕಾಕಾ ಎಲ್ಲಿದ್ರೂ ಓಡಿ ಬಂದು ನಡುವ ನಿಲ್ಲತಿದ್ದ. ಎತ್ತರದ ಆಳು, ಮಾತು ಕಡಿಮಿ. ಬಲಗೈಯಿಂದ ಅಪ್ಪನ ಮಣಿಕಟ್ಟು ಹಿಡದು, "ಅಣ್ಣಾ, ಸಾಕು" ಅಂತಿದ್ದ, ಅಷ್ಟ. ಎಷ್ಟೋ ಸಲ ಏಟು ಅವನಿಗೇ ಬೀಳತಿತ್ತು. ಮರುದಿನ ಅವನ ಬೆನ್ನು ತಿಕ್ಕತಾ ಚಿಗವ್ವ, "ಅವರ ಸಂಸಾರ ನಿನಗ್ಯಾಕ ಬೇಕು? ನಡಿ, ಬ್ಯಾರೆ ಹೋಗೂಣು" ಅಂತ ಬೈತಿದ್ಲು. ಆ ಮಾತು ಕಿವಿಗೆ ಬಿದ್ರ ನಾ ಓಡಿ ಹೋಗಿ ಕಾಕಾನ ಅಂಗಿ ಹಿಡಕೋತಿದ್ದೆ. ಕಾಕಾ ಹೋದ ಅಂದ್ರ ಅಪ್ಪ ಅವ್ವನ್ನ ಕೊಂದೇ ಬಿಡತಾನ ಅಂತ ನನಗ ಖಾತ್ರಿ ಇತ್ತು.

ನಾ ಸಾಲಿಗೆ ಹೋಗತಿದ್ದ ಒಂದು ವರ್ಷ ಭತ್ತದ ಸುಗ್ಗಿಗೆ ವ್ಯಾನಿಗೆ ಈ ರೋಗ ಹತ್ತಿತು. ಓಡುವಾಗ ಹೆಂಗೋ ಓಡತಿತ್ತು. ನಿಂತ್ತೋ, ಮುಗೀತು. ಮೈಯೆಲ್ಲಾ ನಡುಗಿಸತಿತ್ತು, ಸೈಲೆನ್ಸರ್ ಬಾಯಿಗೆ ರೊಟ್ಟಿ ಹಂಚಿನ ತಳದಂಥ ಮಸಿ, ಹೊಗಿ ಗಬ್ಬಂತ ನಾರತಿತ್ತು. ಮುಂಜಾನಿ ಅಂಗಳದಾಗ ಚಾಲೂ ಮಾಡಿದ್ರ ಒಲಿ ಮ್ಯಾಲಿನ ರೊಟ್ಟಿಗೂ ಪೆಟ್ರೋಲ್ ವಾಸನಿ. ಮಂದಿ ವ್ಯಾನು ಹತ್ತೋದು ಬಿಟ್ರು. ಅಪ್ಪ ಪ್ಲಗ್ ಬಿಚ್ಚಿ ನೋಡಿದ, ಕರ್ರಗ ಆಗಿತ್ತು. ಒರಸಿ ಹಾಕಿದ, ಮತ್ತ ಕರ್ರಗ ಆತು. ಏರ್ ಫಿಲ್ಟರ್ ಒಳಗಿನ ಭತ್ತದ ಧೂಳು ಝಾಡಿಸಿದ. ಊಹೂಂ. "ಗಾಳಿಗಿಂತ ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ ಅಣ್ಣಾ, ಕಾರ್ಬೊರೇಟರ್ ನೋಡೂಣು" ಅಂತ ಕಾಕಾ ಅದನ್ನ ಬಿಚ್ಚಿ, ತೊಳದು, ಕೂಡಿಸಿದ. ವಾಸನಿ ಹೋಗಲಿಲ್ಲ, ಅಪ್ಪನ ಸಿಟ್ಟು ಮಾತ್ರ ನೆತ್ತಿಗೇರಿತು.

"ನೀ ಕೈ ಹಚ್ಚಿದ್ದಕ್ಕ ಗಾಡಿ ಪೂರಾ ಹಾಳಾತಲೇ! ಇದನ್ನ ಕೆಡಿಸಿಟ್ಟು ಗಂಡ ಹೆಂಡ್ತಿ ಬ್ಯಾರೆ ಹೋಗೂ ವಿಚಾರ ಐತೇನು?" ಅಂದ ಅಪ್ಪ. "ನಾ ಎಲ್ಲಿ ಹೋಗಲಿ ಅಣ್ಣಾ" ಅಂತ ಕಾಕಾ ಬಗ್ಗಿ ಇಂಜಿನ್ ನೋಡತಾನೇ ಹೇಳಿದ. ಅವ್ವ ಒಲಿ ಬಿಟ್ಟು ಬಂದು, "ಅವನಿಗ್ಯಾಕ ಬೈತೀರಿ?" ಅಂದ್ಲು. ಅಷ್ಟಕ್ಕೇ ಅಪ್ಪನ ಕೈಯಾಗ ಜಾಕಿನ ರಾಡು ಬಂತು. ಅದು ಅವ್ವನ ತಲಿಗೆ ಎತ್ತಿದ್ದು. ಕಾಕಾ ಜಿಗದು ಬಂದು ಬಲಗೈ ಅಡ್ಡ ಹಿಡದ. ಎಲುಬು ಮುರದ ಸಪ್ಪಳ ನಾ ಕೇಳೀನಿ, ಒಣಗಿದ ತೊಗರಿ ಕಟಗಿ ಮುರದಂಗ. ಮೊಣಕೈ ಕೆಳಗ ಕೈ ಬ್ಯಾರೆ ದಿಕ್ಕಿಗೆ ತಿರುಗಿತ್ತು. ಚಿಗವ್ವ ಅಪ್ಪನ ಅಂಗಿ ಹರದು ಎದಿಗೆ ಗುದ್ದಿದ್ಲು, "ನಿನ್ನ ಕೈಗೆ ಹುಳಾ ಬೀಳಲೋ" ಅಂತ ಓಣಿಗೆಲ್ಲಾ ಕೇಳಂಗ ಚೀರಿದ್ಲು.

ಲಿಂಗಸುಗೂರು ದವಾಖಾನಿಗೆ ಒಯ್ಯಾಕ ಇದ್ದಿದ್ದು ಅದ ವ್ಯಾನು. ಅಪ್ಪ ಚಾಲೂ ಮಾಡಿದ, ಕಾಕಾನ್ನ ಮುಂದಿನ ಸೀಟಿಗೆ ಕೂಡಿಸಿದ್ರು, ಹಿಂದ ಚಿಗವ್ವ, ನಾನು. ಗಾಡಿಗೆ ದೃಷ್ಟಿ ತಾಗಬಾರದು ಅಂತ ಅಪ್ಪ ಸುಗ್ಗಿಗಿಂತ ಮೊದಲ ಅಮಾಸಿ ಪೂಜಾ ಮಾಡಿ, ಕೆಂಪು ಬಟ್ಟಿಯೊಳಗ ತೆಂಗಿನಕಾಯಿ ಕಟ್ಟಿ, ಸ್ಟೇರಿಂಗ್ ಬಾಜೂದ ಒಂದು ಗುಂಡಿಗೆ ಜೋತು ಹಾಕಿದ್ದ. ದೇವರ ಕಾಯಿ, ಯಾರೂ ಮುಟ್ಟೂಹಂಗಿರಲಿಲ್ಲ. ಆ ಗುಂಡಿ ಚೋಕಿಂದು. ತಣ್ಣಗಿದ್ದ ಇಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಕುಡಿಸಾಕ ಅದನ್ನ ಹೊರಗ ಎಳೀತಾರ, ಇಂಜಿನ್ ಬಿಸಿ ಆದ ಕೂಡಲೇ ಒಳಗ ತಳ್ಳತಾರ. ನಮ್ಮ ಬಿಸಿಲೂರಾಗ ಅದು ಯಾರಿಗೆ ಬೇಕು, ಅಪ್ಪ ಅದನ್ನ ಗೂಟ ಮಾಡಿಕೊಂಡಿದ್ದ. ಕಾಯಿ ಭಾರಕ್ಕ, ದಾರಿ ಕುಲುಕಾಟಕ್ಕ ಗುಂಡಿ ಅರ್ಧ ಹೊರಗ ಬಂದಿತ್ತು, ಬಟ್ಟಿ ಗಂಟು ಅದನ್ನ ಮುಚ್ಚಿತ್ತು. ಮುಂದ ಬಗ್ಗಿ ಕುಂತ ಕಾಕಾನ ಕಣ್ಣಿಗೆ ಈಗ ಅದು ಬಿತ್ತು. ಎಡಗೈಯಿಂದ ಕಾಯಿ ತಗದು ತೊಡಿ ಮ್ಯಾಲ ಇಟಗೊಂಡು ಗುಂಡಿ ಒಳಗ ತಳ್ಳಿದ. ಇಂಜಿನ್ ನಡುಕ ನಿಂತ್ತು. ಸ್ವಲ್ಪ ಹೊತ್ತಿಗೆ ವಾಸನಿನೂ ಇಲ್ಲ. "ನೋಡಣ್ಣಾ, ಇಷ್ಟ ಇತ್ತು" ಅಂದ ಕಾಕಾ, ಹಲ್ಲು ಕಚ್ಚಿ. ಥೂ, ಅಪ್ಪ ಏನಂದ ಗೊತ್ತೇನ್ರಿ? "ದೇವರ ಕಾಯಿ ಯಾಕ ಮುಟ್ಟಿದಿ?"

ಚಿಗವ್ವ ದವಾಖಾನಿಯಿಂದ ಗಂಡನ್ನ ಮನಿಗೆ ಕರಕೊಂಡು ಬರಲಿಲ್ಲ. ಹಂಗ ಗುರುಗುಂಟಾಕ್ಕ, ತನ್ನ ತವರಿಗೆ ಒಯ್ದ್ಲು. ಆ ಕೈ ನೆಟ್ಟಗ ಕೂಡಲಿಲ್ಲ. ಕಾಕಾ ಮತ್ತ ಸ್ಟೇರಿಂಗ್ ಹಿಡೀಲಿಲ್ಲ, ಆಡು ಮೇಯಿಸಿ ಬದುಕಿದ. ಹ್ವಾದ ವರ್ಷ ತೀರಿಕೊಂಡ. ಅಪ್ಪ ಅದಕ್ಕೂ ಮೊದಲ ಹೋದ, ಅವ್ವ ಅವನಿಗಿಂತ ಮೊದಲು.

ಆ ಸುಗ್ಗಿಯೊಳಗ ಕಾಕಾ ಮನಿ ಬಿಟ್ಟು ಹೋದಮ್ಯಾಲ ಅಪ್ಪ ಒಂದಿಷ್ಟು ದಿನ ಖುಷಿಯಾಗೇ ಇದ್ದ. ಗಾಡಿ ಸುದ್ದ ಆಗಿತ್ತು, ಮಂದಿ ಮತ್ತ ಹತ್ತಾಕತ್ತಿದ್ರು. ಒಂದಿನ ಮಧ್ಯಾಹ್ನ ಉಣ್ಣಾಕ ಕುಂತಿದ್ದ. ಏನೋ ತಪ್ಪಿತು, ಏನಂತ ಈಗ ನೆನಪಿಲ್ಲ. ಎದ್ದು ಕೈ ಎತ್ತಿದ. ಅವ್ವ ರೂಢಿಯಂಗ ಬಾಗಲ ಕಡೆ ನೋಡಿದ್ಲು. ಯಾರೂ ಬರಲಿಲ್ಲ. ನಾ ಹೋಗಿ ನಡುವ ನಿಂತೆ. ಏಟು ನನ್ನ ಹೆಗಲಿಗೆ ಬಿತ್ತು, ಕಣ್ಣಿಗೆ ಕತ್ತಲಿ ಬಂತು, ಉಸಿರೇ ಸಿಗಲಿಲ್ಲ. ಅಂಥಾ ಏಟು ತಿಂದ ಮರುದಿನಾನೂ ಕಾಕಾ ನನ್ನನ್ನ ಹೆಗಲ ಮ್ಯಾಲ ಕೂಡಿಸಿಕೊಂಡು ನಗತಾ ಸಾಲಿಗೆ ಒಯ್ಯತಿದ್ದ. ನೋವಾಗತದೇನು ಕಾಕಾ ಅಂತ ನಾ ಒಮ್ಮಿನೂ ಕೇಳಿರಲಿಲ್ಲ.