ಐವತ್ತೊಂಬತ್ತರ ಸೀಟು

ಮುಂಬಯಿ ಹತ್ತಿರದ ಕಳವಾ ಎಂಬ ಊರಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ಲೀಲಾಧರನಿಗೆ ದಣಿವು ಹೊಸದಲ್ಲ. ಠಾಣೆ ಶಹರದ ಹೋಟೆಲೊಂದರಲ್ಲಿ ಮ್ಯಾನೇಜರ್ ಎಂಬ ಹೆಸರು. ಕೆಲಸ ಮಾತ್ರ ಗಲ್ಲಾದಲ್ಲಿ ಕೂರುವುದರಿಂದ ಹಿಡಿದು ಟೇಬಲ್ ಒರೆಸುವವರೆಗೆ. ಆದರೆ ೨೦೧೩ರ ಆ ಮಳೆಗಾಲದಲ್ಲಿ ದಣಿದ ಹಾಗೆ ಅವನು ಎಂದೂ ದಣಿದದ್ದನ್ನು ನಾನು ಕಂಡಿಲ್ಲ. ಮಗಳು ನಿಕಿತಾ ಹತ್ತನೆಯ ಪರೀಕ್ಷೆಯಲ್ಲಿ ಐವತ್ತೊಂಬತ್ತು ಪರ್ಸೆಂಟ್ ತಂದಿದ್ದಳು. ಫೇಲಾಗಿದ್ದರೆ ಅತ್ತು ಮುಗಿಸಬಹುದಿತ್ತು, ಎಂಬತ್ತು ಬಂದಿದ್ದರೆ ಪೇಡೆ ಹಂಚಬಹುದಿತ್ತು. ಐವತ್ತೊಂಬತ್ತಕ್ಕೆ ಏನು ಮಾಡಬೇಕೆಂದು ನಮ್ಮ ಚಾಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆನ್‌ಲೈನ್ ಪ್ರವೇಶದ ಲಿಸ್ಟಿನಲ್ಲಿ ಅವಳಿಗೆ ಬಂದದ್ದು ದೂರದ ಶಹಾಡ್ ಎಂಬ ಊರಿನ ಒಂದು ಕಾಲೇಜು. ಕಲ್ಯಾಣ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಹೋಗಬೇಕು. ಮಳೆಗೆ ಹಳಿ ಮುಳುಗಿದರೆ ಹುಡುಗಿ ಎಲ್ಲಿ ನಿಲ್ಲಬೇಕು ಎಂದು ತಾಯಿ ಜಯಲತಾ ಊಟ ಬಿಟ್ಟಳು. ಲೀಲಾಧರ ಠಾಣೆಯ ಒಂದೊಂದೇ ಕಾಲೇಜಿಗೆ ಅಲೆದು ಚಪ್ಪಲಿ ಸವೆಸಿದ. ಕ್ಲಾರ್ಕು, ಪ್ಯೂನು, ಯಾರು ಎದುರಾದರೂ ಮಗಳು ಓದಿನಲ್ಲಿ ಹಿಂದೆ ಎಂಬ ಅದೇ ಗೋಗರೆತದ ಮಾತು: "ಲಡಕೀ ಥೋಡೀ ಕಮ್ಜೋರ್ ಹೈ ಸಾಬ್, ಕುಛ್ ಕರೋ." ನಿಕಿತಾ ಅವನ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು.

ಕೊನೆಗೆ ಉಳಿದದ್ದು ನಮ್ಮವರ ಕನ್ನಡ ಸಂಘವೊಂದು ನಡೆಸುವ ಕಾಲೇಜು. ಅಲ್ಲಿ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಬೇರೆಯೇ ಸೀಟುಗಳಿದ್ದವು. ಸಂಘದ ವಾರ್ಷಿಕೋತ್ಸವದ ಊಟದಲ್ಲಿ ಪಂಕ್ತಿಗೆ ಸಾರು ಬಡಿಸುವವನು ಪ್ರತಿ ಸಲವೂ ಲೀಲಾಧರನೇ.

"ಅಧ್ಯಕ್ಷರಿಗೆ ನನ್ನ ಗುರ್ತ ಉಂಟು ಮಾರಾಯ, ನೀನೂ ಬಾ," ಎಂದು ಮಗಳ ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ.

ಅಧ್ಯಕ್ಷ ಯಜ್ಞೇಶ್ವರರಿಗೆ ಗುರುತೇನೋ ಸಿಕ್ಕಿತು, ಕೂರಲು ಹೇಳಲಿಲ್ಲ. ಮುಖ ನೋಡಿ ಮಣೆ ಹಾಕುವವರ ಮುಂದೆ ಸಾರಿನ ಬಕೆಟ್ ಹಿಡಿದವನ ಮುಖಕ್ಕೆ ಬೆಲೆ ಎಲ್ಲಿಯದು? ಅವರು ನಿಕಿತಾಳ ಶಾಲೆಯ ಸರ್ಟಿಫಿಕೇಟನ್ನು ತಿರುವಿ ನೋಡಿದರು. ಮಾತೃಭಾಷೆ ತುಳು ಎಂದಿತ್ತು. ಶಾಲೆಗೆ ಸೇರಿಸುವಾಗ, ಮನೆಯಲ್ಲಿ ಆಡುವುದನ್ನೇ ಬರೆಯಿರಿ ಎಂದು ಜಯಲತಾ ಹಟ ಹಿಡಿದು ಬರೆಸಿದ್ದು ಅದು. ಸಂಘ ಕನ್ನಡದ್ದು, ಅಡುಗೆಮನೆ ತುಳುವಿನದು, ಎರಡೂ ನಮ್ಮದೇ ಎಂದು ನಾವೆಲ್ಲ ನಂಬಿಕೊಂಡು ಬದುಕಿದವರು.

ಇದರಲ್ಲಿ ಕನ್ನಡ ಎಂದಿಲ್ಲ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು ಯಜ್ಞೇಶ್ವರರು. ಅದನ್ನು ಅವರು ಹೇಳಿದ್ದು ಅಪ್ಪಟ ತುಳುವಿನಲ್ಲಿ. ನನಗೆ ಮೈಯೆಲ್ಲ ಉರಿಯಿತು. ಲೀಲಾಧರನಿಗೆ ಉರಿಯುವ ತ್ರಾಣವೂ ಉಳಿದಿರಲಿಲ್ಲ. ಕೈ ಮುಗಿದು ಹಳೆಯ ಮಾತನ್ನೇ ಶುರು ಮಾಡಿದ: "ಹುಡುಗಿ ಓದಿನಲ್ಲಿ ಸ್ವಲ್ಪ ಮಂದ, ಸರ್..."

"ಪಪ್ಪಾ, ಬಸ್ ಕರೋ!"

ಎಲ್ಲದಕ್ಕೂ ಹಿಂದಿಯಲ್ಲೇ ಉತ್ತರ ಕೊಡುವ ನಿಕಿತಾ, ಸಾಕು ಎಂದು ಅಪ್ಪನನ್ನು ತಡೆದು, ಮುಂದಿನದನ್ನು ಅವನಿಗೇ ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಆಡಿದಳು.

"ಶಹಾಡಿನವರು ನನ್ನ ಮಾರ್ಕ್ ನೋಡಿಯೇ ಸೀಟ್ ಕೊಟ್ಟದ್ದು. ಅವರಿಗೆ ಅಷ್ಟು ಸಾಕು. ನಿಮಗೆ ಮಾತ್ರ ಸಾಲುದಿಲ್ಲ."

ಲೀಲಾಧರ ಕೈ ಇಳಿಸಿದ. ಮೇಜಿನ ಮೇಲಿನ ಸರ್ಟಿಫಿಕೇಟನ್ನು ಎತ್ತಿ ಮಗಳ ಕೈಗೆ ಕೊಟ್ಟು ಹೊರಟ.

ಮರುದಿನ ಹೋಟೆಲಿಗೆ ರಜೆ ಹಾಕಿ ಮಗಳ ಜೊತೆ ಶಹಾಡಿಗೆ ಹೋದ. ಅಲ್ಲಿಯ ಕ್ಲಾರ್ಕ್ ಪರ್ಸೆಂಟ್ ಎಷ್ಟೆಂದು ಕೇಳಿದಾಗ, ಅವಳೇ ಹೇಳಲಿ ಎಂದು ಇವನು ಬಾಯಿ ಮುಚ್ಚಿಕೊಂಡು ನಿಂತನಂತೆ.